ರಿಯಾಯಿತಿ ಕೂಪನ್: ಹೊರೆ ಯಾರದು ಎಂಬುದು ಮೊದಲೇ ತೀರ್ಮಾನವಾಗಲಿ

ಕೆಲವು ವರ್ಷಗಳ ಹಿಂದೆ ತಾಲ್ಲೂಕು ಕೇಂದ್ರವೊಂದರ ಕಿರಾಣಿ ವರ್ತಕರೊಬ್ಬರು ವಾರ್ಷಿಕ ಲೆಕ್ಕಪತ್ರಗಳೊಂದಿಗೆ ನನ್ನ ಕಚೇರಿಗೆ ಬಂದಿದ್ದರು. ಖಾತೆ ಪುಸ್ತಕಗಳನ್ನು ಒಪ್ಪಿಸಿದ ಮೇಲೆ ಚೀಲದ ತಳದಿಂದ ರಬ್ಬರ್ ಬ್ಯಾಂಡ್ ಸುತ್ತಿದ ಕಾಗದದ ಕಟ್ಟುಗಳನ್ನು ತೆಗೆದು ಮೇಜಿನ ಮೇಲಿಟ್ಟು, “ಸಾರ್, ಇವನ್ನು ಯಾವ ಖಾತೆಗೆ ಹಾಕಬೇಕು?” ಎಂದು ಕೇಳಿದರು. ಅವು ಕಂಪನಿಯೊಂದು ತನ್ನ ಪೊಟ್ಟಣಗಳೊಳಗೆ ಇಟ್ಟು ಕಳುಹಿಸಿದ್ದ ರಿಯಾಯಿತಿ ಕೂಪನ್‌ಗಳು. ತಲಾ 10 ರೂಪಾಯಿಯವು, ಆರುನೂರಕ್ಕೂ ಮಿಕ್ಕಿದ್ದವು. ಗ್ರಾಹಕರು ತಂದುಕೊಟ್ಟ ಪ್ರತಿ ಕೂಪನ್ನಿಗೂ ಇವರು ತಮ್ಮ ಗಲ್ಲಾದಿಂದ 10 ರೂಪಾಯಿ ಬಿಟ್ಟುಕೊಟ್ಟಿದ್ದರು. ಅಷ್ಟರಲ್ಲಿ ವಿತರಕರು ಬದಲಾದರು. ಹೊಸಬರು “ಅದು ಹಳೆಯವರ ಲೆಕ್ಕ” ಎಂದರು. ಹಳೆಯವರು ಅಂಗಡಿ ಮುಚ್ಚಿದ್ದರು. ಕಂಪನಿಯವರು “ವಿತರಕರ ಮೂಲಕ ಬನ್ನಿ” ಎಂದರು. ಆರು ಸಾವಿರ ರೂಪಾಯಿಗೂ ಮೀರಿದ ಆ ಮೊತ್ತ ಅವರ ಅಂಗಡಿಯ ಒಂದು ತಿಂಗಳ ಬಾಡಿಗೆಗೆ ಸಮನಾಗಿತ್ತು.

ಈ ಕೂಪನ್ ಪದ್ಧತಿ ಇಂದು ದೊಡ್ಡ ಕಂಪನಿಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಸಾಂಬಾರು ಪುಡಿ, ಹಪ್ಪಳ, ಸಾಬೂನು, ಅಗರಬತ್ತಿ ತಯಾರಿಸುವ ಸಣ್ಣ ಉತ್ಪಾದಕರೂ, ಬಡಾವಣೆಯ ದಿನಸಿ ಅಂಗಡಿಯವರೂ ಹಬ್ಬದ ದಿನಗಳಲ್ಲಿ ಕೂಪನ್ ಅಚ್ಚು ಹಾಕಿಸುತ್ತಿದ್ದಾರೆ. ಆದರೆ ಅದು ಬರೀ ಪ್ರಚಾರದ ಚೀಟಿಯಲ್ಲ. ಒಬ್ಬರು ಮತ್ತೊಬ್ಬರಿಗೆ ಹಣ ಕೊಡಬೇಕಾದ ಹೊಣೆಯನ್ನು ಸೃಷ್ಟಿಸುವ ದಸ್ತಾವೇಜು ಎಂಬ ಅರಿವು ನಮ್ಮಲ್ಲಿ ಕಡಿಮೆ. ಆದುದರಿಂದ ಈ ವಿಷಯದಲ್ಲಿ ತೆರಿಗೆ, ಕಾನೂನು ಹಾಗೂ ಲೆಕ್ಕಪತ್ರದ ದೃಷ್ಟಿಯಿಂದ ಗಮನಿಸಬೇಕಾದ ಅಂಶಗಳನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಕೂಪನ್‌ಗಳಲ್ಲಿ ಎರಡು ಬಗೆ

1887ರಷ್ಟು ಹಿಂದೆಯೇ ಅಮೆರಿಕದಲ್ಲಿ ಕೋಕಾ-ಕೋಲಾ ಪಾನೀಯದ ಒಂದು ಲೋಟವನ್ನು ಉಚಿತವಾಗಿ ಪಡೆಯುವ ಚೀಟಿಗಳನ್ನು ಹಂಚಲಾಗಿತ್ತು. ಕೂಪನ್ ಪದ್ಧತಿ ಬಲವಾಗಿ ಬೇರೂರಿದ ಆ ದೇಶದಲ್ಲಿ ಎರಡು ಬಗೆಯ ಕೂಪನ್‌ಗಳನ್ನು ಸ್ಪಷ್ಟವಾಗಿ ಪ್ರತ್ಯೇಕಿಸುತ್ತಾರೆ: ಅಂಗಡಿಯವನು ತಾನೇ ಕೊಡುವ ಕೂಪನ್ ಒಂದು, ತಯಾರಕನು ಕೊಡುವ ಕೂಪನ್ ಇನ್ನೊಂದು. ಮೊದಲನೆಯದರ ಹೊರೆ ಅಂಗಡಿಯವನದು. ಎರಡನೆಯದರಲ್ಲಿ ಅಂಗಡಿಯವನು ಕೇವಲ ಮಧ್ಯವರ್ತಿ. ಅವನು ಬಿಟ್ಟುಕೊಟ್ಟ ಮುಖಬೆಲೆಯನ್ನೂ, ಅದರ ಜೊತೆಗೆ ಕೂಪನ್ ಒಂದಕ್ಕೆ ಸಾಮಾನ್ಯವಾಗಿ 8 ಸೆಂಟ್‌ನಷ್ಟು ನಿರ್ವಹಣಾ ಶುಲ್ಕವನ್ನೂ ತಯಾರಕನು ಮರಳಿಸುತ್ತಾನೆ. ಎಲ್ಲಿಗೆ ಕಳುಹಿಸಬೇಕು, ಯಾವ ಷರತ್ತಿಗೆ ಒಳಪಟ್ಟು ಹಣ ಬರುತ್ತದೆ ಎಂಬುದನ್ನು ಕೂಪನ್ನಿನ ಮೇಲೆಯೇ ಅಚ್ಚು ಮಾಡಿರುತ್ತಾರೆ.

ನಮ್ಮಲ್ಲಿಯೂ ಇವೇ ಎರಡು ಬಗೆಗಳಿವೆ. ಆದರೆ ಬಹುತೇಕ ಕೂಪನ್‌ಗಳ ಮೇಲೆ “ಷರತ್ತುಗಳು ಅನ್ವಯಿಸುತ್ತವೆ” ಎಂಬ ಒಂದು ಸಾಲಿನ ಹೊರತು ಬೇರೇನೂ ಇರುವುದಿಲ್ಲ. ಷರತ್ತು ಯಾವುದು, ಹೊರೆ ಯಾರದು ಎಂಬುದು ಮಾರಾಟ ಪ್ರತಿನಿಧಿಯ ಬಾಯಿಮಾತಿನಲ್ಲಿ ಉಳಿಯುತ್ತದೆ. ಪ್ರತಿನಿಧಿ ವರ್ಗವಾಗಿ ಹೋದ ದಿನ ಮಾತೂ ಅವರೊಡನೆ ಹೋಗುತ್ತದೆ.

ಜಿಎಸ್‌ಟಿ ಲೆಕ್ಕ: ಒಂದು ಉದಾಹರಣೆ

ಹೊರೆ ಯಾರದು ಎಂಬುದರ ಮೇಲೆ ತೆರಿಗೆಯೂ ಬದಲಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ಮೇಲಿನ ಜಿಎಸ್‌ಟಿ ದರ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಮೂರು ಸಾಬೂನುಗಳ ಪೊಟ್ಟಣವೊಂದರ ಎಂಆರ್‌ಪಿ 105 ರೂಪಾಯಿ ಎಂದಿಟ್ಟುಕೊಳ್ಳೋಣ. ಇದರಲ್ಲಿ ಸರಕಿನ ಮೌಲ್ಯ 100 ರೂಪಾಯಿ, ತೆರಿಗೆ 5 ರೂಪಾಯಿ. ಲೆಕ್ಕದ ಅನುಕೂಲಕ್ಕಾಗಿ ಕೂಪನ್ನಿನ ಮುಖಬೆಲೆ 10.50 ರೂಪಾಯಿ ಇರಲಿ. ಎರಡೂ ಸಂದರ್ಭಗಳಲ್ಲಿ ಗ್ರಾಹಕರು ಕೊಡುವುದು 94.50 ರೂಪಾಯಿ ಮಾತ್ರ.

ಕೂಪನ್ ಅಂಗಡಿಯವರದೇ ಆದರೆ, ಅದು ಮಾರಾಟದ ಹೊತ್ತಿನಲ್ಲಿ ಕೊಟ್ಟ ರಿಯಾಯಿತಿ. ಬಿಲ್ಲಿನಲ್ಲಿ ಅದನ್ನು ಕಾಣಿಸಿದ್ದರೆ ಕೇಂದ್ರ ಜಿಎಸ್‌ಟಿ ಕಾಯಿದೆಯ 15(3)ನೇ ಪ್ರಕರಣದ ಪ್ರಕಾರ ಮೌಲ್ಯದಿಂದ ಕಳೆಯಬಹುದು. ಆಗ ಮೌಲ್ಯ 90 ರೂಪಾಯಿ, ತೆರಿಗೆ 4.50 ರೂಪಾಯಿ.

ಕೂಪನ್ ತಯಾರಕರದಾಗಿದ್ದು, 10.50 ರೂಪಾಯಿಯನ್ನು ಅವರು ಅಂಗಡಿಯವರಿಗೆ ಮರಳಿಸುವುದಾದರೆ, ಅಂಗಡಿಯವರಿಗೆ ಒಟ್ಟು ಬರುವುದು 105 ರೂಪಾಯಿಯೇ. ಕಾಯಿದೆಯ 2(31)ನೇ ಪ್ರಕರಣದ ಪ್ರಕಾರ ಪ್ರತಿಫಲವೆಂದರೆ ಖರೀದಿದಾರರು ಕೊಟ್ಟದ್ದು ಮಾತ್ರವಲ್ಲ, ಅವರ ಪರವಾಗಿ ಮೂರನೆಯವರು ಕೊಟ್ಟದ್ದೂ ಸೇರುತ್ತದೆ. ಆದುದರಿಂದ ಮೌಲ್ಯ 100 ರೂಪಾಯಿ, ತೆರಿಗೆ 5 ರೂಪಾಯಿ. 2025ರ ಸೆಪ್ಟೆಂಬರ್ 12ರ ಜಿಎಸ್‌ಟಿ ಸುತ್ತೋಲೆಯೂ, ತಯಾರಕರು ಅಂತಿಮ ಗ್ರಾಹಕರಿಗೆ ರಿಯಾಯಿತಿ ದರದ ಒಪ್ಪಂದ ಮಾಡಿಕೊಂಡು ಅದರ ವ್ಯತ್ಯಾಸವನ್ನು ವರ್ತಕರಿಗೆ ತುಂಬಿಕೊಟ್ಟಲ್ಲಿ ಆ ಮೊತ್ತ ವರ್ತಕರ ಪ್ರತಿಫಲಕ್ಕೆ ಸೇರುತ್ತದೆ ಎಂದೇ ಹೇಳಿದೆ.

ಪೊಟ್ಟಣ ಒಂದಕ್ಕೆ ವ್ಯತ್ಯಾಸ ಕೇವಲ 50 ಪೈಸೆ ಎಂದು ಅಲಕ್ಷಿಸುವಂತಿಲ್ಲ. ವರ್ಷವಿಡೀ ಹತ್ತಾರು ಸರಕುಗಳಲ್ಲಿ ಇದೇ ತಪ್ಪು ನಡೆದರೆ, ಕೊರತೆಯಾದ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯೂ ಸೇರುತ್ತದೆ. ಶೇ. 18ರ ದರದ ಸರಕುಗಳಲ್ಲಂತೂ ವ್ಯತ್ಯಾಸ ಇನ್ನೂ ಹೆಚ್ಚು.

ಇಲ್ಲಿ ಒಂದು ಪ್ರಾಯೋಗಿಕ ಸೂಚನೆ. ಬಿಲ್ಲಿಂಗ್ ಯಂತ್ರದಲ್ಲಿ ಎರಡೂ ಬಗೆಯ ಕೂಪನ್‌ಗಳಿಗೆ ಒಂದೇ “ಡಿಸ್ಕೌಂಟ್” ಗುಂಡಿಯನ್ನು ಒತ್ತುವ ಅಭ್ಯಾಸವಿದೆ. ಸ್ವಂತ ಕೂಪನ್ನಿಗೆ ಅದು ಸರಿ. ತಯಾರಕರ ಕೂಪನ್ನನ್ನು ಮಾತ್ರ ನಗದು, ಯುಪಿಐ, ಕಾರ್ಡುಗಳ ಸಾಲಿನಲ್ಲಿ ಒಂದು ಪಾವತಿ ವಿಧಾನವಾಗಿ ದಾಖಲಿಸಬೇಕು. ಬಿಲ್ಲಿನ ಮೊತ್ತ 105. ಅದರಲ್ಲಿ ನಗದು 94.50, ಕೂಪನ್ 10.50. ಹೀಗೆ ಮಾಡಿದಲ್ಲಿ ತೆರಿಗೆಯೂ ಸರಿಯಾಗುತ್ತದೆ, ತಯಾರಕರಿಂದ ಎಷ್ಟು ಬರಬೇಕೆಂಬ ಲೆಕ್ಕವೂ ತಾನಾಗಿಯೇ ಸಿದ್ಧವಾಗುತ್ತದೆ.

ತಯಾರಕರು ಗಮನಿಸಬೇಕಾದುದು

ಕೂಪನ್ ಹಣವನ್ನು ತಯಾರಕರು ವಿತರಕರ ಮೂಲಕ ಕ್ರೆಡಿಟ್ ನೋಟಿನಿಂದ ತುಂಬಿಕೊಡುವುದು ರೂಢಿ. ಇದರಲ್ಲಿ ಎರಡು ದಾರಿಗಳಿವೆ. ತೆರಿಗೆಯನ್ನು ಮುಟ್ಟದೆ ಬರೀ ವಾಣಿಜ್ಯ ಕ್ರೆಡಿಟ್ ನೋಟು ಕೊಡುವುದು ಮೊದಲನೆಯದು. ಇದರಲ್ಲಿ ತಯಾರಕರ ತೆರಿಗೆ ಕಡಿಮೆಯಾಗುವುದಿಲ್ಲ; ಪಡೆದವರೂ ಇನ್‌ಪುಟ್ ತೆರಿಗೆ ಕ್ರೆಡಿಟ್ಟನ್ನು ಹಿಂದಿರುಗಿಸಬೇಕಾಗಿಲ್ಲ ಎಂದು ಮೇಲೆ ಹೇಳಿದ ಸುತ್ತೋಲೆಯೇ ಸ್ಪಷ್ಟಪಡಿಸಿದೆ.

ಎರಡನೆಯದು, 34ನೇ ಪ್ರಕರಣದ ಪ್ರಕಾರ ತೆರಿಗೆಸಹಿತ ಕ್ರೆಡಿಟ್ ನೋಟು. ಮಾರಾಟದ ನಂತರದ ರಿಯಾಯಿತಿಗೆ ಮೊದಲೇ ಕರಾರು ಇರಬೇಕು, ಅದು ನಿರ್ದಿಷ್ಟ ಬಿಲ್ಲುಗಳಿಗೆ ಹೊಂದಿಕೊಂಡಿರಬೇಕು ಎಂಬುದು 2017ರ ಕಾಯಿದೆಯಲ್ಲಿ ಅಳವಡಿಸಿದ್ದ ಷರತ್ತು. 2025ರ ಸೆಪ್ಟೆಂಬರ್ 3ರಂದು ಸೇರಿದ ಜಿಎಸ್‌ಟಿ ಮಂಡಳಿಯ 56ನೇ ಸಭೆ ಈ ಷರತ್ತನ್ನು ಕೈಬಿಡುವಂತೆ ಶಿಫಾರಸು ಮಾಡಿತು. ನಿಮ್ಮ ವ್ಯವಹಾರ ನಡೆದ ದಿನಾಂಕಕ್ಕೆ ಯಾವ ನಿಯಮ ಅನ್ವಯವೆಂಬುದನ್ನು ನೋಡಿಕೊಂಡೇ ಈ ದಾರಿ ಹಿಡಿಯತಕ್ಕದ್ದು. ಪಡೆದವರು ತಮ್ಮ ಇನ್‌ಪುಟ್ ಕ್ರೆಡಿಟ್ಟನ್ನು ಅಷ್ಟರಮಟ್ಟಿಗೆ ಹಿಂದಿರುಗಿಸಬೇಕೆಂಬುದು ಮಾತ್ರ ಎರಡೂ ರೀತಿಯಲ್ಲಿ ಸಮಾನ. ಇಂತಹ ನೋಟನ್ನು ಮಾರಾಟವಾದ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವುಗಳಲ್ಲಿ ಯಾವುದು ಮೊದಲೋ ಅದರೊಳಗೆ ರಿಟರ್ನಿನಲ್ಲಿ ಕಾಣಿಸಬೇಕು. ಸಣ್ಣ ಮೊತ್ತದ, ನೂರಾರು ಅಂಗಡಿಗಳಲ್ಲಿ ಹರಡಿದ ಕೂಪನ್‌ಗಳಿಗೆ ವಾಣಿಜ್ಯ ಕ್ರೆಡಿಟ್ ನೋಟೇ ನಿರಾತಂಕವಾದ ದಾರಿ ಎಂಬುದು ನನ್ನ ಅಭಿಪ್ರಾಯ.

ಅಂಗಡಿಯವರಿಗೆ ಕೂಪನ್ ನಿರ್ವಹಣೆಗೆಂದು ಪ್ರತ್ಯೇಕ ಶುಲ್ಕ ಕೊಡುವ ಕರಾರಿದ್ದಲ್ಲಿ, ಅದು ಅಂಗಡಿಯವರು ಸಲ್ಲಿಸಿದ ಸೇವೆಯ ಪ್ರತಿಫಲ. ನೋಂದಾಯಿತ ವರ್ತಕರು ಅದಕ್ಕೆ ಪ್ರತ್ಯೇಕ ತೆರಿಗೆ ಬಿಲ್ಲು ಕೊಡಬೇಕು.

“ಒಂದು ಕೊಂಡರೆ ಒಂದು ಉಚಿತ” ಎಂಬ ಯೋಜನೆಯ ಬಗ್ಗೆಯೂ ಅನೇಕರಿಗೆ ಗೊಂದಲವಿದೆ. 2019ರ ಮಾರ್ಚ್ 7ರ ಸುತ್ತೋಲೆಯ ಪ್ರಕಾರ ಇದು ಉಚಿತ ಕೊಡುಗೆಯಲ್ಲ. ಒಂದರ ಬೆಲೆಗೆ ಎರಡು ಸರಕಿನ ಮಾರಾಟ. ಹೀಗಾಗಿ ಎರಡರ ಇನ್‌ಪುಟ್ ಕ್ರೆಡಿಟ್ಟೂ ದಕ್ಕುತ್ತದೆ. ಆದರೆ ಯಾವ ಖರೀದಿಯೂ ಇಲ್ಲದೆ ಮಾದರಿಯಾಗಿ ಅಥವಾ ಉಡುಗೊರೆಯಾಗಿ ಕೊಟ್ಟ ಸರಕಿಗೆ 17(5)(ಎಚ್) ಪ್ರಕರಣದಂತೆ ಕ್ರೆಡಿಟ್ ದಕ್ಕುವುದಿಲ್ಲ. ಎರಡನ್ನೂ ಬೇರೆ ಬೇರೆ ದಾಖಲಿಸುವುದು ಅವಶ್ಯ.

ಮುಂಗಡ ಹಣದ ಉಡುಗೊರೆ ಕೂಪನ್

ಗ್ರಾಹಕರಿಂದ ಮೊದಲೇ 500 ರೂಪಾಯಿ ಪಡೆದು, ಅಷ್ಟೇ ಬೆಲೆಯ ಉಡುಗೊರೆ ಕೂಪನ್ ಕೊಡುವ ಪದ್ಧತಿ ಮೇಲಿನವುಗಳಿಗಿಂತ ಭಿನ್ನವಾದುದು. ಇದು ರಿಯಾಯಿತಿಯಲ್ಲ, ಠೇವಣಿಯಂತಿರುವ ಮುಂಗಡ. 2024ರ ಡಿಸೆಂಬರ್ 31ರ ಸುತ್ತೋಲೆಯ ಪ್ರಕಾರ ಇಂತಹ ವೋಚರಿನ ವ್ಯವಹಾರವು ಸ್ವತಃ ಸರಕಿನ ಪೂರೈಕೆಯೂ ಅಲ್ಲ, ಸೇವೆಯ ಪೂರೈಕೆಯೂ ಅಲ್ಲ. ಅದನ್ನು ಕೊಟ್ಟು ಕೊಂಡ ಸರಕಿನ ಮೇಲೆ ತೆರಿಗೆ. ಬಳಸದೆ ಉಳಿದುಹೋದ ವೋಚರಿನ ಹಣಕ್ಕೆ ಜಿಎಸ್‌ಟಿ ಇಲ್ಲ. ಆದರೆ ಲೆಕ್ಕಪತ್ರದಲ್ಲಿ ಆ ಹಣವನ್ನು ಪಡೆದ ದಿನವೇ ಮಾರಾಟದ ಆದಾಯವೆಂದು ತೋರಿಸಬಾರದು; ಹೊಣೆಯೆಂದು ತೋರಿಸಬೇಕು.

ಇನ್ನೊಂದು ಎಚ್ಚರಿಕೆ. ಒಂದು ಅಂಗಡಿ ತನ್ನಲ್ಲಿ ಮಾತ್ರ ಬಳಸಲು ಕೊಡುವ, ನಗದಾಗಿ ಹಿಂಪಡೆಯಲಾಗದ ಇಂತಹ ಕೂಪನ್ನಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕಿಲ್ಲ. ಆದರೆ ಪೇಟೆ ಬೀದಿಯ ಇಪ್ಪತ್ತು ಅಂಗಡಿಯವರು ಸೇರಿ, ಎಲ್ಲಿ ಬೇಕಾದರೂ ಚಲಾಯಿಸಬಹುದಾದ ಮುಂಗಡ ಹಣದ ಕೂಪನ್ ಹೊರಡಿಸಿದರೆ, ಅದು 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯಿದೆಯ ವ್ಯಾಪ್ತಿಗೆ ಬಂದು ಅನುಮತಿ ಬೇಕಾಗುತ್ತದೆ. ವರ್ತಕರ ಸಂಘಗಳು ಸದುದ್ದೇಶದಿಂದಲೇ ಇಂತಹ ಯೋಜನೆ ಹಾಕಿಕೊಳ್ಳುವುದುಂಟು. ಅದರ ಬದಲು ವಿನ್ಯಾಸ ಮಾತ್ರ ಒಂದೇ ಇರಲಿ. ಪ್ರತಿ ಅಂಗಡಿಯವರೂ ತಮ್ಮ ಹೆಸರಿನಲ್ಲಿ, ತಮ್ಮಲ್ಲಿ ಮಾತ್ರ ಬಳಸಬಹುದಾದ ಕೂಪನ್ ಕೊಡಲಿ. ಮುಂಗಡ ಹಣ ಪಡೆಯದ ಬರೀ ರಿಯಾಯಿತಿ ಚೀಟಿಗೆ ಈ ನಿರ್ಬಂಧವಿಲ್ಲ.

ಅಂಗಡಿಯ ನಿಯಮಗಳು ಮತ್ತು ಗ್ರಾಹಕರ ಹಕ್ಕು

“ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳಲಾಗುವುದಿಲ್ಲ” ಎಂಬ ಫಲಕ ನಮ್ಮ ಅಂಗಡಿಗಳಲ್ಲಿ ದೇವರ ಪಟದಷ್ಟೇ ಸಾಮಾನ್ಯ. ದೋಷಯುಕ್ತ ಸರಕಿನ ವಿಷಯದಲ್ಲಿ ಈ ಫಲಕಕ್ಕೆ ಬೆಲೆಯಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 2(47)ನೇ ಪ್ರಕರಣದ ಪ್ರಕಾರ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದಲ್ಲಿ 30 ದಿನಗಳೊಳಗೆ ಹಿಂಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಸರಕಿನಲ್ಲಿ ದೋಷವಿಲ್ಲದೆ, ಗ್ರಾಹಕರ ಮನಸ್ಸು ಬದಲಾದುದಕ್ಕಾಗಿ ಹಿಂಪಡೆಯುವುದು ಬಿಡುವುದು ನಿಮ್ಮ ನೀತಿಗೆ ಬಿಟ್ಟದ್ದು. ಈ ವ್ಯತ್ಯಾಸವನ್ನು ಫಲಕದಲ್ಲಿಯೂ ಬಿಲ್ಲಿನಲ್ಲಿಯೂ ಸ್ಪಷ್ಟಪಡಿಸಿದರೆ ಜಗಳಗಳೇ ಕಡಿಮೆಯಾಗುತ್ತವೆ.

ಕೂಪನ್ ಕೊಟ್ಟು ಕೊಂಡ ಸರಕು ಹಿಂದಿರುಗಿ ಬಂದಾಗ ಎಷ್ಟು ಹಣ ಕೊಡಬೇಕು? ಗ್ರಾಹಕರು ನಿಜವಾಗಿ ತೆತ್ತ ಮೊತ್ತವನ್ನು ಕೊಟ್ಟು, ಕೂಪನ್ನಿನ ಅವಧಿ ಉಳಿದಿದ್ದರೆ ಅದರ ಬದಲಿಗೆ ಇನ್ನೊಂದು ಕೂಪನ್ ಕೊಡುವುದು ನ್ಯಾಯವಾದ ನಿಯಮ. ಇದನ್ನೂ ಮೊದಲೇ ಬರೆದಿರಬೇಕು.

ಕೂಪನ್ ಬಳಸಿದವರಿಂದ “ರಿಯಾಯಿತಿ ಬೆಲೆಯ ಮೇಲೆ ತೆರಿಗೆ ಪ್ರತ್ಯೇಕ” ಎಂದು ವಸೂಲು ಮಾಡುವುದು ಇನ್ನೊಂದು ತಪ್ಪು. ಎಂಆರ್‌ಪಿ ಎಲ್ಲ ತೆರಿಗೆಗಳನ್ನೂ ಒಳಗೊಂಡ ಬೆಲೆ. ಅದರ ಮೇಲೆ ರಿಯಾಯಿತಿ ಸಾರಿ, ಮತ್ತೆ ತೆರಿಗೆ ಸೇರಿಸುವುದು ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರ ಜನವರಿಯಲ್ಲಿ, ಅಂದರೆ ವ್ಯಾಟ್ ಇದ್ದ ಕಾಲದಲ್ಲಿಯೇ ತೀರ್ಪಿತ್ತಿದೆ. ಜಿಎಸ್‌ಟಿ ಬಂದ ಮೇಲೂ ತತ್ತ್ವ ಅದೇ.

ಜಾಹೀರಾತಿನಲ್ಲಿ ಆಕರ್ಷಕ ಬೆಲೆ ಸಾರಿ, ಅಂಗಡಿಯಲ್ಲಿ “ಮುಗಿದುಹೋಯಿತು” ಎನ್ನುವುದಕ್ಕೂ ಕಡಿವಾಣವಿದೆ. 2022ರ ಜೂನ್ 9ರಂದು ಹೊರಟ ಮಾರ್ಗಸೂಚಿಗಳ ಪ್ರಕಾರ, ಸಾರಿದ ಬೆಲೆಗೆ ಸರಕು ಒದಗಿಸುವ ನಿಜವಾದ ಸಾಧ್ಯತೆ ಇರಬೇಕು. ದಾಸ್ತಾನು ಸೀಮಿತವಾಗಿದ್ದರೆ ಹಾಗೆಂದು ತಿಳಿಸಬೇಕು. ತಪ್ಪುದಾರಿಗೆಳೆಯುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮೊದಲ ಬಾರಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಅದೃಷ್ಟ ಚೀಟಿ ಎತ್ತುವ ಯೋಜನೆಗಳಲ್ಲಿ ಫಲಿತಾಂಶವನ್ನು ಮುಚ್ಚಿಡುವುದೂ ಅನುಚಿತ ಪದ್ಧತಿಯೇ.

“ಹತ್ತು ರೂಪಾಯಿಗೆ ಯಾರು ಕೋರ್ಟಿಗೆ ಹೋಗುತ್ತಾರೆ?” ಎಂದು ಕೆಲವರು ಕೇಳಬಹುದು. ಗ್ರಾಹಕರು ತಾವು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವೂ ಇಲ್ಲ. ವಕೀಲರ ಶುಲ್ಕ, ಓಡಾಟ, ಕೈಬಿಟ್ಟ ವ್ಯಾಪಾರದ ದಿನಗಳು ನಮ್ಮ ಪಾಲಿಗೆ.

ಕೂಪನ್ನಿನ ಮೇಲೆ ಏನಿರಬೇಕು?

ಅಚ್ಚಿಗೆ ಕಳುಹಿಸುವ ಮೊದಲು ಈ ಅಂಶಗಳನ್ನು ಪರಿಶೀಲಿಸಿ:

1. ಕೂಪನ್ ಕೊಟ್ಟವರ ಪೂರ್ಣ ಹೆಸರು, ವಿಳಾಸ ಮತ್ತು ಕ್ರಮಸಂಖ್ಯೆ.
2. ಯಾವ ಸರಕು, ಎಷ್ಟು ತೂಕ ಅಥವಾ ಅಳತೆಯ ಪೊಟ್ಟಣಕ್ಕೆ ಅನ್ವಯ ಎಂಬುದು.
3. ಗ್ರಾಹಕರು ಬಳಸಬೇಕಾದ ಕೊನೆಯ ದಿನಾಂಕ. ದಿನಾಂಕವನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಮಾಡಿಸಿ.
4. ಒಂದು ಖರೀದಿಗೆ ಒಂದೇ ಕೂಪನ್ನೋ ಹಲವೋ, ಬೇರೆ ರಿಯಾಯಿತಿಯೊಂದಿಗೆ ಸೇರಿಸಬಹುದೋ ಇಲ್ಲವೋ ಎಂಬುದು.
5. ಹೊರೆ ತಯಾರಕರದಾದರೆ, ಅಂಗಡಿಯವರು ಕೂಪನ್‌ಗಳನ್ನು ಎಲ್ಲಿಗೆ, ಯಾವ ದಿನಾಂಕದೊಳಗೆ ಕಳುಹಿಸಬೇಕು, ಎಷ್ಟು ದಿನಗಳಲ್ಲಿ ಹಣ ಬರುತ್ತದೆ ಎಂಬುದು.
6. ವಿತರಕರು ಬದಲಾದರೂ ಹೊಣೆ ತಯಾರಕರದೇ ಎಂಬ ಸ್ಪಷ್ಟ ವಾಕ್ಯ.

ಅಂಗಡಿಯವರಿಗೂ ಒಂದು ಮಾತು. ಐದನೆಯ ಮತ್ತು ಆರನೆಯ ಅಂಶಗಳು ಕೂಪನ್ನಿನ ಮೇಲಾಗಲಿ, ವಿತರಕರ ಪತ್ರದಲ್ಲಾಗಲಿ ಇಲ್ಲದಿದ್ದರೆ ಯೋಜನೆಯ ಭಿತ್ತಿಪತ್ರವನ್ನು ಅಂಗಡಿಯಲ್ಲಿ ಅಂಟಿಸಬೇಡಿ. ಅಂಟಿಸಿದ ಮೇಲೆ ಗ್ರಾಹಕರಿಗೆ ಇಲ್ಲವೆನ್ನುವುದು ಕಷ್ಟ. ಸ್ವೀಕರಿಸಿದ ಕೂಪನ್ನಿನ ಮೇಲೆ ಆ ಕ್ಷಣವೇ ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ ಬರೆದು ಅಡ್ಡಗೆರೆ ಎಳೆಯಿರಿ. ತಿಂಗಳ ಕೊನೆಯ ವ್ಯಾಪಾರದ ದಿನ ಎಣಿಸಿ, ಪಟ್ಟಿ ಮಾಡಿ, ಪ್ರತಿಯನ್ನು ಇರಿಸಿಕೊಂಡು ಮೂಲ ಕೂಪನ್‌ಗಳನ್ನು ಸ್ವೀಕೃತಿ ಪಡೆದು ಒಪ್ಪಿಸಿ. ಜಿಎಸ್‌ಟಿ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕೆಂಬ ನಿಯಮವಿರುವುದನ್ನೂ ನೆನಪಿಡಿ.

ಲೆಕ್ಕ ಪುಸ್ತಕದಲ್ಲಿ

ಅಂಗಡಿಯವರು “ಕೂಪನ್ ಬಾಬ್ತು ಬರತಕ್ಕದ್ದು” ಎಂಬ ಪ್ರತ್ಯೇಕ ಖಾತೆಯನ್ನು ತಯಾರಕರವಾರು ತೆರೆಯಬೇಕು. ಉದ್ರಿ ಕೊಟ್ಟ ಗ್ರಾಹಕರ ಖಾತೆಯನ್ನು ನಾವು ಹೇಗೆ ಬೆನ್ನುಹತ್ತುತ್ತೇವೆಯೋ ಇದನ್ನೂ ಹಾಗೆಯೇ ಬೆನ್ನುಹತ್ತಬೇಕು. ತಯಾರಕರ ಕಡೆ, ಮಾರ್ಚ್ 31ರಂದು ಪೇಟೆಯಲ್ಲಿರುವ, ಅವಧಿ ಮುಗಿಯದ ಕೂಪನ್‌ಗಳಲ್ಲಿ ಎಷ್ಟು ಮರಳಿ ಬರಬಹುದೆಂದು ಹಿಂದಿನ ಅನುಭವದ ಮೇಲೆ ಅಂದಾಜಿಸಿ, ಆ ಮೊತ್ತವನ್ನು ಲೆಕ್ಕಪತ್ರ ಮಾನದಂಡ 29ರ ಆಶಯದಂತೆ ಪ್ರಾವಿಷನ್ ಆಗಿ ತೆಗೆದಿರಿಸಬೇಕು. ಹತ್ತು ಸಾವಿರ ಕೂಪನ್ ಹಂಚಿ, ವರ್ಷಾಂತ್ಯದಲ್ಲಿ ಒಂದೂ ಇಲ್ಲವೆಂಬಂತೆ ಲಾಭ ತೋರಿಸಿದರೆ, ಆ ಲಾಭವನ್ನು ಮುಂದಿನ ವರ್ಷ ಕೂಪನ್‌ಗಳೇ ಬಂದು ತಿನ್ನುತ್ತವೆ.

ಆ ಕಿರಾಣಿ ವರ್ತಕರ ವಿಷಯಕ್ಕೆ ಮರಳುತ್ತೇನೆ. ಅವರ ಕೂಪನ್‌ಗಳ ಮೇಲೆ ಕೊನೆಯ ದಿನಾಂಕದ ಹೊರತು ಏನೂ ಇರಲಿಲ್ಲ. ವಿತರಕರಿಂದ ಒಂದು ಸಾಲಿನ ಪತ್ರವೂ ಇರಲಿಲ್ಲ. ಪತ್ರ ಬರೆದೆವು, ಹಣ ಬರಲಿಲ್ಲ. ಹಿಂದಿನ ವರ್ಷದ ಲೆಕ್ಕ ನೋಡಿದವನೂ ನಾನೇ. ಬಿಲ್ಲುಗಳಲ್ಲಿ ಆ ಹತ್ತು ರೂಪಾಯಿಗಳು ರಿಯಾಯಿತಿ ಎಂದು ಕಂಡಾಗ, ಇದು ಯಾರು ಕೊಟ್ಟ ರಿಯಾಯಿತಿ ಎಂದು ನಾನು ಒಂದು ಪ್ರಶ್ನೆ ಕೇಳಿದ್ದರೆ ಕಟ್ಟು ಅಷ್ಟು ದಪ್ಪವಾಗುತ್ತಿರಲಿಲ್ಲ. ಕೊನೆಗೆ ಅದನ್ನು ಬಾರದ ಬಾಕಿ ಎಂದು ತೊಡೆದುಹಾಕಬೇಕಾಯಿತು. ಅಂದಿನಿಂದ ಪ್ರತಿ ಕಿರಾಣಿ ವರ್ತಕರ ಲೆಕ್ಕ ನೋಡುವಾಗಲೂ ಆ ಪ್ರಶ್ನೆಯನ್ನು ಮೊದಲು ಕೇಳುತ್ತೇನೆ.

ಸದಸ್ಯರು ತಮ್ಮ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯನ್ನು ಈ ವಾರ ಒಮ್ಮೆ ತೆರೆದು ನೋಡಲಿ. ಅಲ್ಲಿ ಕೂಪನ್ ಕಟ್ಟು ಇದ್ದರೆ, ಅದರ ಮೇಲಿನ ದಿನಾಂಕ ಮುಗಿಯುವುದರೊಳಗೆ, ಅದು ಯಾರ ಹಣ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಲಿ.